ಪ್ರದಕ್ಷಿಣೆ ಹಾಕಿದ ಬ್ಲೋವರ್

ಹೂಡೆಯ ಅಂಗಡಿಯಿಂದ ಹಪ್ಪಳದ ಕಟ್ಟುಗಳು ಬೂಷ್ಟು ಹಿಡಿದು ವಾಪಸು ಬಂದ ದಿನವೇ ಮೋಹಿನಿಯಕ್ಕ ಲವೀನಾಳನ್ನು ಕೆಲಸದಿಂದ ನಿಲ್ಲಿಸಿದರು. ಕಾಪುವಿನ ಆ ಹಪ್ಪಳದ ಘಟಕ ಅವರದು. ನಾವು ಹೆಂಗಸರು ಲಟ್ಟಿಸುವವರು, ಒಣಗಿಸುವ ಕೋಣೆ ಲವೀನಾಳ ಕೈಯಲ್ಲಿತ್ತು. ನಿಲ್ಲಿಸಿದ್ದಷ್ಟೇ ಆಗಿದ್ದರೆ ಬೇರೆ ಮಾತು. ನಮ್ಮೆಲ್ಲರ ಎದುರು ಅಂಗಡಿಯವನಿಗೆ ಫೋನು ಮಾಡಿ, ಲವೀನಾ ಎಂಬವಳು ಮೊಬೈಲು ನೋಡುತ್ತ ಹಸಿ ಹಪ್ಪಳ ಕಟ್ಟಿದ್ದಾಳೆ ಎಂದು ಹೇಳಿಬಿಟ್ಟರು. ಮರುವಾರ ಅವಳು ಉಡುಪಿಯ ಒಂದು ಬೇಕರಿಗೆ ಕೆಲಸ ಕೇಳಲು ಹೋದರೆ, ಬೂಷ್ಟು ಹಪ್ಪಳದವಳು ನೀನೇ ಅಲ್ವಾ ಎಂದು ನಕ್ಕರಂತೆ.

ಒಣಗಿಸುವ ಕೋಣೆ ನನ್ನ ಪಾಲಿಗೆ ಬಂತು. ಹಿಂದೆಲ್ಲ ಅಲ್ಲಿನ ಗಾಳಿಯ ಬ್ಲೋವರನ್ನು ಎರಡನೇ ಸ್ಪೀಡಿನಲ್ಲಿಟ್ಟರೂ ಮಧ್ಯಾಹ್ನದ ಹೊತ್ತಿಗೆ ಹಪ್ಪಳ ಗಲಗಲ ಅನ್ನುತ್ತಿತ್ತು. ಈಗ ಮೂರನೆಯದಕ್ಕೆ ಏರಿಸಿದರೆ ಸದ್ದು ಅಕ್ಕಿ ಗಿರಣಿಯದು, ಹಪ್ಪಳ ಮಾತ್ರ ಸಂಜೆಗೂ ಮೆತ್ತಗೆ. ಕೈ ಹಿಡಿದರೆ ಗಾಳಿ ಬರುತ್ತಿತ್ತು. ಅದೇ ಎಲ್ಲರಿಗೂ ಮೋಸ ಮಾಡಿದ್ದು. ಮೋಹಿನಿಯಕ್ಕ ಪೆರ್ಡೂರಿಗೆ ಹೋಗಿದ್ದ ಬೆಳಿಗ್ಗೆ ನಾನೇ ಎಲೆಕ್ಟ್ರಿಷನ್ ಭುಜಂಗನನ್ನು ಕರೆಸಿದೆ.

ಎಲ್ಲರ ಹಾಗೆ ನನ್ನನ್ನು ಬಾಯಿ ಎಂದೇ ಕರೆಯುವ ಅವನು ಮುಚ್ಚಳ ತೆಗೆಯುವ ಮೊದಲೇ ಹೇಳಿದ, "ಬಾಯಿ, ಇದು ಉಲ್ಟಾ ತಿರುಗ್ತಾ ಉಂಟು."

ಉಲ್ಟಾ ತಿರುಗಿದರೆ ಗಾಳಿ ಬರುವುದು ಹೇಗೆ ಎಂದು ಕೇಳಿದೆ. ಈ ಜಾತಿಯ ಚಕ್ರ ಎತ್ತ ತಿರುಗಿದರೂ ಗಾಳಿಯನ್ನು ಅದೇ ಬಾಯಿಂದ ಹೊರಗೆ ಎಸೆಯುತ್ತದಂತೆ. ಆದರೆ ಅದರ ಎಲೆಗಳು ಒಂದೇ ಕಡೆಗೆ ಬಾಗಿರುವುದರಿಂದ ಉಲ್ಟಾ ಆದರೆ ಗಾಳಿಯಲ್ಲಿ ಬಲವಿಲ್ಲ. ಸ್ಪೀಡಿನ ಮೂರು ತಂತಿಗಳು ಒಂದೇ ಸುರುಳಿಯ ಬೇರೆ ಬೇರೆ ಜಾಗದಿಂದ ಹೊರಟವು. ಕರೆಂಟು ಹೆಚ್ಚು ಸುತ್ತು ದಾಟಬೇಕಾದರೆ ಮೋಟರು ನಿಧಾನ, ಕಡಿಮೆಯಾದರೆ ಜೋರು. ದಿಕ್ಕಿಗೂ ಅವಕ್ಕೂ ಸಂಬಂಧವಿಲ್ಲ. ಕೆಪಾಸಿಟರ್ ಕಟ್ಟಿದ ಇನ್ನೊಂದು ಸುರುಳಿ ಉಂಟು, ಮೋಟರನ್ನು ಮೊದಲು ಯಾವ ಕಡೆಗೆ ನೂಕಬೇಕೆಂದು ತೀರ್ಮಾನಿಸುವುದು ಅದು. ಅದರ ಎರಡು ತಂತಿ ಅದಲುಬದಲಾದರೆ ಮೋಟರು ಎದುರು ದಿಕ್ಕಿಗೆ.

"ಅದಲುಬದಲು ಮಾಡಿದ್ದು ಯಾರು?"

ಭುಜಂಗ ಟೆಸ್ಟರನ್ನು ಅಂಗಿಗೆ ಒರೆಸುತ್ತ ನಿಂತ. ಆಮೇಲೆ ಮೆಲ್ಲಗೆ ಹೇಳಿದ. ಆಯುಧಪೂಜೆಯ ದಿನ ಮೋಹಿನಿಯಕ್ಕ ಬ್ಲೋವರಿನ ಕಿಂಡಿಯಿಂದ ನೋಡಿದರು, ಚಕ್ರ ಅಪ್ರದಕ್ಷಿಣೆಯಾಗಿ ತಿರುಗುತ್ತಿತ್ತು. ಪೂಜೆಯಾದ ಮಿಶಿನು ಹಾಗೆ ತಿರುಗಬಾರದು, ಸರಿ ಮಾಡು ಎಂದರು. ಕವಚದ ಮೇಲೆ ದಿಕ್ಕು ತೋರಿಸುವ ಬಾಣದ ಗುರುತನ್ನು ಇವನು ತೋರಿಸಿದ, ಅವರು ಕೇಳಲಿಲ್ಲ. ಇವನೇ ತಂತಿ ಬದಲಿಸಿ ಕೊಟ್ಟ. ಆ ದಿನ ನಾವೂ ಕೈಮುಗಿದು, ಚರುಂಬುರಿ ತಿಂದು ಮನೆಗೆ ಹೋಗಿದ್ದೆವು.

ನನ್ನ ಮೈ ಉರಿಯಿತು. "ಆ ಹುಡುಗಿಯ ಹೆಸರು ಹಾಳಾಗುವಾಗ ನಿನ್ನ ಬಾಯಿಗೆ ಎಂತ ಆಗಿತ್ತು ಮಾರಾಯ?"

"ಅಕ್ಕ ನನ್ನ ಗಿರಾಕಿ ಅಲ್ವಾ ಬಾಯಿ," ಎಂದ.

ತಂತಿ ಮುಟ್ಟಬೇಡ, ಅವರು ಬರಲಿ ಎಂದೆ. ಲವೀನಾಳಿಗೂ ಹೇಳಿ ಕಳಿಸಿದೆ.

ಮೋಹಿನಿಯಕ್ಕ ಬಂದು ಎಲ್ಲವನ್ನೂ ಕೇಳಿದರು. ಮುಖ ಕೆಂಪಾಯಿತು, ಕೂಡಲೇ ಸರಿಹೋಯಿತು. ಮಿಶಿನಿನ ತಪ್ಪಂತೆ, ನಾಳೆಯಿಂದ ಲವೀನಾ ಬರಬಹುದಂತೆ.

"ಮಿಶಿನು ತನ್ನಷ್ಟಕ್ಕೇ ತಿರುಗಿತಾ ಅಕ್ಕ?" ಲವೀನಾ ಬಾಗಿಲಲ್ಲೇ ನಿಂತು ಕೇಳಿದಳು. "ಹೂಡೆಗೆ ಫೋನು ಮಾಡಿ. ಆ ದಿನ ಇವರ ಎದುರು ಮಾಡಿದ್ದಿರಲ್ಲ, ಹಾಗೆಯೇ."

"ದೇವರ ಕೆಲಸ, ಒಳ್ಳೆಯದಾಗಲಿ ಅಂತ ಮಾಡಿದ್ದು."

"ದೇವರು ಎಂತ ಮಾಡಿದ್ದಾರೆ ಅಕ್ಕ? ನನ್ನ ಹೆಸರು ಹೇಳಿದ್ದು ನೀವು."

ನಾನು ಲಟ್ಟಣಿಗೆ ಕೆಳಗಿಟ್ಟೆ. ಪಕ್ಕದವಳೂ ಇಟ್ಟಳು, ಹಾಗೆ ಸಾಲಿನ ಕೊನೆಯವರೆಗೂ. ಪಾತ್ರೆಯಲ್ಲಿ ಹಿಟ್ಟು ಬಿರಿಯುತ್ತಿತ್ತು, ಮಣಿಪಾಲದ ಹಾಸ್ಟೆಲಿಗೆ ಮರುದಿನ ಮಾಲು ಹೋಗಬೇಕಿತ್ತು. ಮೋಹಿನಿಯಕ್ಕ ಹಿಟ್ಟು ನೋಡಿದರು, ನಮ್ಮನ್ನು ನೋಡಿದರು, ಕೊನೆಗೆ ಫೋನು ತೆಗೆದರು.

"ಹಪ್ಪಳ ಒಣಗದ್ದು ಲವೀನಾಳ ತಪ್ಪಲ್ಲ," ಎಂದರು. ನಾವು ಇನ್ನೂ ಕಾಯುತ್ತಿದ್ದೆವು. "ತಂತಿ ಬದಲಿಸ್ಲಿಕ್ಕೆ ಹೇಳಿದ್ದು ನಾನು."

ಭುಜಂಗ ತಂತಿ ಸರಿಮಾಡಿದ. ಮೊದಲನೇ ಸ್ಪೀಡಿಗೇ ಜಾಲರಿಯ ಮೇಲಿನ ಹಪ್ಪಳಗಳು ಎದ್ದು ಕುಳಿತವು. ಅದನ್ನು ನೋಡಲು ಲವೀನಾ ನಿಲ್ಲಲಿಲ್ಲ. ಬೇಕರಿಯವರಿಗೂ ವಿಷಯ ತಿಳಿಯಲಿ ಎಂದು ಉಡುಪಿಯ ಬಸ್ಸಿಗೆ ಹೋದಳು.

"ನಾಳೆ ಅವಳು ಬರ್ತಾಳಲ್ವಾ ಬಾಯಿ?" ಮೋಹಿನಿಯಕ್ಕ ನನ್ನನ್ನು ಕೇಳಿದರು.

ನಾನು ಹಿಟ್ಟಿನ ಉಂಡೆ ಒತ್ತುತ್ತ, ಅವಳನ್ನೇ ಕೇಳಿ ಎಂದೆ.