ತಾಮ್ರದ ಮೇಲಿನ ಹೊಗೆ

“ಈ ಹೊಗೆಯೊಂದು ಬೇಡ, ಪ್ರೊಕೋಪ. ಕಣ್ಣಿಗೆ ಅಡ್ಡ ಬರುತ್ತೆ.”

ಅಚ್ಚಿಗೆಂದು ಪ್ರೊಕೋಪ ಚಿತ್ರ ಕೊರೆದಿದ್ದ ತಾಮ್ರದ ತಗಡಿಗೆ ತಾಗದಂತೆ ದೊರೆಸಾನಿ ಬೆರಳು ಹಿಡಿದಿದ್ದರು. ಅರಮನೆ, ಕಾರಂಜಿ, ಬೆಟ್ಟದ ಕಡೆಗೆ ನೇರ ಹೋಗುವ ಲಿಂಡನ್ ಮರಗಳ ಸಾಲು. ಎಡಗಡೆ, ಸಾಲಿನ ತುದಿಗೆ ಒಂದು ಗುಡಿಸಲು, ಅದರ ಮೇಲೆ ಕೂದಲೆಳೆಯಷ್ಟು ಹೊಗೆ.

“ಹೊಗೆ ಮಾತ್ರ ತೆಗೆದರೆ ಸಾಕಾ, ದೊರೆಸಾನಿ?”

“ಹೊಗೆಯೇ ಇಲ್ಲದ ಮೇಲೆ ಮನೆ ಯಾಕೆ?” ಎಂದು ನಕ್ಕರು. ಅವನೂ ನಕ್ಕ. ಅದು ಅವನ ತಾಯಿಯ ಮನೆಯೆಂದು ಅವರಿಗೆ ನೆನಪಿರಲಿಲ್ಲ.

ನಿಜಕ್ಕೂ ಅಲ್ಲಿ ಕಾರಂಜಿಯೂ ಇರಲಿಲ್ಲ, ಮರಗಳೂ ಇರಲಿಲ್ಲ. ಬೊಹೀಮಿಯಾದ ಆ ಜಹಗೀರಿನಲ್ಲಿ ಚಿತ್ರ ಮೊದಲು, ನೆಲ ಆಮೇಲೆ. ತಗಡಿನಿಂದ ಅಚ್ಚಾದ ಹಾಳೆ ವಿಯೆನ್ನಾದ ಆಸ್ಥಾನಕ್ಕೆ ಹೋಗುತ್ತಿತ್ತು. ಯಾರ ನೆಲ ಎಲ್ಲಿಯವರೆಗೆ ಎಂಬುದನ್ನು ನೆರೆಯ ಪ್ರಭುಗಳು ಅದನ್ನು ನೋಡಿಯೇ ಅರಿಯುತ್ತಿದ್ದರು. ಆಮೇಲೆ ತೋಟದ ಮೇಸ್ತ್ರಿ ಅದೇ ಹಾಳೆ ಹಿಡಿದು ನೆಲಕ್ಕೆ ಅಳತೆಯ ಹಗ್ಗ ಎಳೆಸುತ್ತಿದ್ದ. ಹಾಳೆಯಲ್ಲಿ ಇಲ್ಲದ್ದು ನೆಲದ ಮೇಲೆ ಉಳಿಯುತ್ತಿರಲಿಲ್ಲ. ಹೋದ ವರ್ಷ ಹಿಟ್ಟಿನ ಗಿರಣಿ ಹಾಗೆಯೇ ಹೋಗಿತ್ತು. ಅದನ್ನು ಅಳಿಸಿದವನೂ ಪ್ರೊಕೋಪನೇ.

ಉಂಡ ಮನೆಗೆ ಎರಡು ಬಗೆಯುವವನಲ್ಲ ಪ್ರೊಕೋಪ. ಅಪ್ಪ ಸತ್ತ ವರ್ಷ ಜೀತದ ಹೊಲದಿಂದ ಎತ್ತಿ, ಪ್ರಾಗ್‌ನಲ್ಲಿ ಲ್ಯಾಟಿನ್ ಓದಿಸಿ, ಕೈಗೆ ಉಳಿ ಕೊಟ್ಟವರು ದೊರೆಸಾನಿ. ಅವನ ಪ್ರಾರ್ಥನೆಯಲ್ಲಿ ಮೊದಲ ಹೆಸರು ಅವರದೇ. ಆ ಉಪಕಾರ ನೆನೆದರೆ ಈಗಲೂ ಅವನ ಕಣ್ಣು ತುಂಬುತ್ತಿತ್ತು.

ಬೆಳಿಗ್ಗೆಯಷ್ಟೇ ತಾಯಿಯ ಮನೆಗೆ ಹೋಗಿದ್ದ. ಅರಮನೆಯ ಅನ್ನ ತಿಂದೂ ಕಡ್ಡಿಯಾಗಿದ್ದೀಯಲ್ಲೋ ಎಂದು ಬೈದು, ಗಸಗಸೆ ತುಂಬಿದ ರೊಟ್ಟಿಯನ್ನು ಬಿಳಿ ಬಟ್ಟೆಯಲ್ಲಿ ಕಟ್ಟಿ ಕೊಟ್ಟಿದ್ದಳು.

“ಅಮ್ಮಾವ್ರಿಗೆ ಕೊಡು. ನಿನ್ನ ಮನುಷ್ಯನ್ನ ಮಾಡಿದ ಪುಣ್ಯಾತ್ಗಿತ್ತಿ. ಚಿತ್ರದಾಗೆ ನಮ್ಮನೆ ಐತಂತಲ್ಲ? ಹಂಗಾದ್ರೆ ಇನ್ನು ಭಯ ಇಲ್ಲ ಬಿಡು. ಮಧ್ಯಾಹ್ನ ಊಟಕ್ಕೆ ಬಾ, ಒಲೆ ಆರ್ಸಲ್ಲ.”

ಆ ರೊಟ್ಟಿ ಈಗ ದೊರೆಸಾನಿಯ ತಟ್ಟೆಯಲ್ಲಿತ್ತು. ಒಂದು ತುಂಡು ಮುರಿದು ಬಾಯಿಗೆ ಹಾಕಿಕೊಂಡು, ಬಹಳ ಮೆತ್ತಗಿದೆ ಎಂದರು. ಯಾರು ಮಾಡಿದ್ದೆಂದು ಕೇಳದೆ ಹೊರಟುಹೋದರು.

ಪ್ರೊಕೋಪ ಉಕ್ಕಿನ ಕಡ್ಡಿಯಿಂದ ಹೊಗೆಯನ್ನು ಉಜ್ಜಿದ. ನಂತರ ಸೂರು, ಗೋಡೆ, ಬಾಗಿಲು. ತಗಡನ್ನು ಬೋರಲು ಹಾಕಿ, ಸುತ್ತಿಗೆಯಿಂದ ಮೆಲ್ಲಗೆ ಬಡಿದು ತಗ್ಗನ್ನು ಸಮ ಮಾಡಿದ. ಅಲ್ಲಿಗೆ ಇನ್ನೂ ನಾಲ್ಕು ಮರ ಕೊರೆದ. ಸಾಲು ತಡೆಯಿಲ್ಲದೆ ಬೆಟ್ಟ ಮುಟ್ಟಿತು. ಕೆಲಸ ಚೆನ್ನಾಗಿ ಬಂದಿತ್ತು.

ಸೊಂಟ ನೆಟ್ಟಗೆ ಮಾಡಿಕೊಂಡು ಕಿಟಕಿಗೆ ಬಂದ. ತಗಡಿನಲ್ಲಿ ಅಳಿಸಿದ ಕಡೆಯೇ, ಎಡಕ್ಕೆ, ಬೆಟ್ಟದ ಬುಡದಲ್ಲಿ, ಮನೆ ಇರಲಿಲ್ಲ. ಬರೀ ಹುಲ್ಲು. ಅವನ ಎದೆ ಹಗುರಾಯಿತು. ಇನ್ನು ಅಮ್ಮನಿಗೆ ಏನನ್ನೂ ಹೇಳಬೇಕಾಗಿಲ್ಲ. ದೇವರು ದೊಡ್ಡವನು ಎಂದು ಶಿಲುಬೆಯ ಗುರುತು ಮಾಡಿಕೊಂಡ.

ಆಮೇಲೆ ನೆನಪಾಯಿತು. ತಾಮ್ರದ ಮೇಲೆ ಎಲ್ಲವೂ ತಿರುವುಮುರುವು; ಎಡದ್ದು ಬಲಕ್ಕೆ ಬರುವುದು ಕಾಗದಕ್ಕೆ ಅಚ್ಚಾದ ಮೇಲೆಯೇ. ಇಷ್ಟು ವರ್ಷದ ಕಸುಬಿನಲ್ಲಿ ಎಂದೂ ಮರೆತಿರದ ಮಾತು.

ಬಲಕ್ಕೆ ತಿರುಗಿದ. ಅಮ್ಮ ಒಲೆ ಆರಿಸಿರಲಿಲ್ಲ. ಹೊಗೆ ನೆಟ್ಟಗೆ ಏಳುತ್ತಿತ್ತು. ಊಟದ ಹೊತ್ತು ಆಗಲೇ ಮೀರಿತ್ತು.

ಕಿಟಕಿಯ ಗಾಜಿನ ಮೇಲೆ ಅವನ ಹೆಬ್ಬೆರಳು ಆ ಹೊಗೆಯನ್ನು ಉಜ್ಜುತ್ತಿತ್ತು.