ಶೋಧನಾ ವಿಭಾಗಕ್ಕೆ ಬಂದವನು

ಸೈತಾನ ಗೇಟಿನ ಪುಸ್ತಕದಲ್ಲಿ ‘ಬಂದ ಕಾರಣ: ಶೋಧನೆ’ ಎಂದು ಪ್ರಾಮಾಣಿಕವಾಗಿಯೇ ಬರೆದ. ಜನರಿಗೆ ಪಾಪದ ಆಸೆ ತೋರಿಸುವ ಅವನ ಕಸುಬಿಗೆ ಬೈಬಲಿನಲ್ಲಿ ಅದೇ ಹೆಸರು. ಆ ಕಚೇರಿ ತಕ್ಕಡಿಗಳ ಸರಿತಪ್ಪು ನೋಡುವ ಶೋಧನಾ ವಿಭಾಗವಾದ್ದರಿಂದ ಕಾವಲುಗಾರ ಸಲಾಮು ಹೊಡೆದು ಒಳಗೆ ಬಿಟ್ಟ.

ಒಳಗೆ ಪರೀಕ್ಷಕ, ಮಕ್ಕಳ ಔಷಧಿ ತೂಗುವ ತಕ್ಕಡಿಯ ಮುಂದೆ ಕೂತಿದ್ದ. ಇನ್ನೂ ನಲವತ್ತು ಅಳತೆಗಳು ಬಾಕಿಯಿದ್ದವು. ಅರ್ಧ ಗಂಟೆಯಲ್ಲಿ ಚರ್ಚಿನಲ್ಲಿ ಮಗಳ ಮದುವೆ.

“ಸುಮ್ನೆ ‘ಸರಿಯಿದೆ’ ಅಂತ ಮುದ್ರೆ ಒತ್ತಿ ಹೊರಡು ಭಾವ,” ಎಂದ ಸೈತಾನ. “ದಿನಾ ಬೆಳಗ್ಗೆ ‘ತಂದೆಯೇ, ಶೋಧನೆಯಲ್ಲಿ ಸಿಕ್ಕಿಸಬೇಡ’ ಅಂತ ಬೇಡ್ಕೋತೀಯಲ್ಲ? ಫಲಿಸ್ತು ಅಂದ್ಕೋ. ಇವತ್ತು ಶೋಧನೆಗೆ ರಜಾ!”

ಪರೀಕ್ಷಕನ ಕೈ ಮುದ್ರೆಯವರೆಗೂ ಹೋಯಿತು. ಅಷ್ಟರಲ್ಲಿ ಅವನಿಗೆ ನಗು ಬಂತು.

“ಅರ್ಧ ಪ್ರಾರ್ಥನೆ ಕೇಳಿ ಎದ್ದು ಬಂದಿದ್ದೀಯಲ್ಲೋ ಮಹಾರಾಯ! ‘ಕೇಡಿನಿಂದ ಕಾಪಾಡು’ ಅಂತ ಮುಂದೆ ಇದೆ. ಆ ಕೇಡು ನೀನೇ. ಯೇಸುವಿನ ಹೆಸರಲ್ಲಿ ಹೇಳ್ತೀನಿ, ಆಚೆ ನಡಿ. ನೀನಿದ್ರೆ ತಕ್ಕಡಿ ಮುಳ್ಳು ಒಂದ್ಕಡೆ ನಿಲ್ಲಲ್ಲ.”

ಸೈತಾನ ಹೊರಟೊಡನೆ ಮುಳ್ಳು ನಿಂತಿತು. ಬಾಕಿಯಿದ್ದ ನಲವತ್ತರಲ್ಲಿ ಹದಿನೇಳನೆಯ ಅಳತೆಯಲ್ಲಿ ತಪ್ಪು ಸಿಕ್ಕಿತು, ತಕ್ಕಡಿ ತಿರಸ್ಕೃತವಾಯಿತು. ಮಗಳು ಚರ್ಚಿನ ಬಾಗಿಲಲ್ಲಿ ಅಪ್ಪನಿಗಾಗಿ ಕಾದೇ ಇದ್ದಳು, ಮುಖ ಊದಿಸಿಕೊಂಡು.

ಗೇಟಿನ ಪುಸ್ತಕದಲ್ಲಿ ‘ಬಂದ ಕೆಲಸ ಆಯಿತೇ?’ ಎಂಬುದರ ಎದುರು ಸೈತಾನ ‘ಇಲ್ಲ’ ಎಂದು ಬರೆದು ಹೋಗಿದ್ದ.