ಅಜ್ಜನ ಪಾಲಿನ ಸಿಹಿ

ನಮ್ಮ ಪಕ್ಕದ ಮನೆಯ ಮಾರ್ಲೆನೆ ಬೆಳಿಗ್ಗೆ ಎದ್ದವಳೇ ಮಗಳ ತಿಂಡಿಯನ್ನು ಪುಟ್ಟ ತಕ್ಕಡಿಯಲ್ಲಿ ತೂಗುತ್ತಿದ್ದಳು. ಮೊಟ್ಟೆ, ಬೆಣ್ಣೆಹಣ್ಣಿನ ಹೋಳು, ದಪ್ಪ ಕೆನೆ. ಹೆಚ್ಚಾದರೆ ಚಮಚದ ತುದಿಯಿಂದ ತೆಗೆಯುವಳು, ಕಡಿಮೆಯಾದರೆ ನಾಲ್ಕು ಹನಿ ಎಣ್ಣೆ ಬಿಡುವಳು. ಒಲೆಯ ಪಕ್ಕದಲ್ಲಿ ಕೂತ ಅವಳ ಅತ್ತೆ ಸೊಯ್ಲಾಗೆ ಅದನ್ನು ಕಂಡರಾಗದು; ಶಾಲೆಗೆ ಹೊರಟ ನನ್ನನ್ನು ಕರೆದು ದೂರುವಳು.

“ಚಿನ್ನ ತೂಗ್ತಿದಾಳೆ ನೋಡಿ ಟೀಚರ್! ನಾನೂ ಮಕ್ಕಳನ್ನ ಸಾಕ್ದೆ. ಒಬ್ಬರನ್ನೂ ತಕ್ಕಡೀಲಿ ಹಾಕ್ಲಿಲ್ಲ.”

“ಮಕ್ಕಳನ್ನಲ್ಲ ಅತ್ತೆ, ಮೊಟ್ಟೇನ ತೂಗ್ತಿರೋದು,” ಎಂದು ಮಾರ್ಲೆನೆ ನಗುತ್ತಿದ್ದಳು.

ಐದು ವರ್ಷದ ಅನಾಹಿಗೆ ಮೂರ್ಛೆರೋಗ. ಮಾತ್ರೆಗಳನ್ನು ಬದಲಿಸಿ ಬದಲಿಸಿ ಕೊಟ್ಟರೂ ನಿಲ್ಲಲಿಲ್ಲ. ಕೊನೆಗೆ ರಾಜಧಾನಿ ಕೀತೋದ ವೈದ್ಯೆಯೊಬ್ಬರು ಮಾತ್ರೆಗಳ ಜೊತೆಗೆ ಈ ಕೀಟೋ ಪಥ್ಯ ಹಿಡಿಸಿದರು. ಅನ್ನ, ಬ್ರೆಡ್ಡು, ಸಕ್ಕರೆ ಬಹುತೇಕ ಇಲ್ಲ, ಊಟವೆಲ್ಲ ಜಿಡ್ಡು. ಬೇಸಿಗೆಯ ಹೊತ್ತಿಗೆ ಮಗು ಒಂದು ಸಲವೂ ಬೀಳದೆ ಅಂಗಳದಲ್ಲಿ ಕೋಳಿಗಳ ಹಿಂದೆ ಓಡುವುದನ್ನು ಬೀದಿಯೆಲ್ಲ ನೋಡಿತು.

ಆದರೆ ನಮ್ಮ ಬೆಟ್ಟದೂರಿನಲ್ಲಿ ಪ್ರೀತಿ ಎಂದರೆ ಮಗುವಿನ ಕೈಗೆ ಏನಾದರೂ ತಿನ್ನಲು ಇಡುವುದು. ಕೊಟ್ಟದ್ದನ್ನು ಬೇಡವೆಂದರೆ ಕೊಟ್ಟವರನ್ನೇ ಬೇಡವೆಂದಂತೆ. ಅದರಲ್ಲೂ ಸತ್ತವರ ಹಬ್ಬದಂದು ಧರ್ಮತಾಯಿ, ಅಂದರೆ ದೀಕ್ಷಾಸ್ನಾನದಲ್ಲಿ ಮಗುವನ್ನು ಎತ್ತಿಕೊಂಡವಳು, ಕೊಡುವ ಗ್ವಾಗ್ವಾ, ಬಟ್ಟೆ ಸುತ್ತಿದ ಕೂಸಿನ ಆಕಾರದ ಆ ಸಿಹಿ ಬ್ರೆಡ್ಡನ್ನು, ಯಾವ ಮಗುವೂ ನಿರಾಕರಿಸುವಂತಿಲ್ಲ. ನಿರಾಕರಿಸಿದರೆ ಸತ್ತವರು ಮುನಿಯುತ್ತಾರಂತೆ.

ಹಬ್ಬ ಹತ್ತಿರ ಬಂದಾಗ ಒಂದು ಮಧ್ಯಾಹ್ನ ಸೊಯ್ಲಾಳ ಕೂಗು ಕೇಳಿ ಓಡಿದೆ. ಅವಳ ಮಡಿಲಲ್ಲಿ ಅನಾಹಿಯ ಕೈಕಾಲು ಅದುರುತ್ತಿದ್ದವು. ಮಾರ್ಲೆನೆ ಮಗುವನ್ನು ಮಗ್ಗುಲಿಗೆ ಮಲಗಿಸಿ, ತಲೆಯ ಕೆಳಗೆ ತನ್ನ ಸ್ವೆಟರ್ ಮಡಿಸಿಟ್ಟಳು. ಅದುರುವುದು ನಿಂತ ಮೇಲೆ ಮಗು ಸೋತು ನಿದ್ದೆಹೋಯಿತು. ಅದಕ್ಕೆ ಎಚ್ಚರವಾದಾಗ ಮಾರ್ಲೆನೆ, ಪಥ್ಯ ಹಿಡಿದಿದೆಯೇ ಎಂದು ತಿಳಿಯಲು ಮೂತ್ರದಲ್ಲಿ ಅದ್ದುವ ಪಟ್ಟಿಯನ್ನು ನೋಡಿದಳು. ದಿನಾ ಗಾಢ ನೇರಳೆಗೆ ತಿರುಗುತ್ತಿದ್ದುದು ಅಂದು ಬಣ್ಣ ತಿರುಗದೇ ಉಳಿದಿತ್ತು.

“ಅತ್ತೆ, ಏನು ಕೊಟ್ರಿ?”

ಸೊಯ್ಲಾ ಶಾಲಿನೊಳಗಿಂದ ಲೋಟ ತೆಗೆದಳು. ತಳದಲ್ಲಿ ಬೆಲ್ಲದ ನೀರು. “ನಿನ್ನೆಯಿಂದ ಆಗಾಗ ಒಂದಿಷ್ಟು. ವಿಷ ಕೊಟ್ಟೆನಾ? ಅವಳು ಕೇಳಿದ್ಲು, ಕೊಟ್ಟೆ.”

ಮಾರ್ಲೆನೆ ಮಗುವನ್ನು ಎತ್ತಿಕೊಂಡು ಅಂಗಳಕ್ಕೆ ಹೋದಳು. ನಾನು ಸೊಯ್ಲಾಳ ಪಕ್ಕ ಕೂತೆ.

“ಸೊಯ್ಲಾ, ಈ ಮಗುವಿನ ಮೈ ಈಗ ಜಿಡ್ಡನ್ನ ಉರಿಸಿ ನಡೀತಿದೆ. ಅದರಿಂದಲೇ ಫಿಟ್ಸ್ ತಡೆದಿತ್ತು. ಸಿಹಿ ಬಿದ್ರೆ ಮೈ ಹಳೇ ದಾರಿಗೆ ಹೋಗುತ್ತೆ. ಒಂದು ಗುಟುಕೂ ಸಣ್ಣದಲ್ಲ.”

“ಡಾಕ್ಟರು ರೊಸೆಂದೋಗೂ ಹೀಗೇ ಹೇಳಿದ್ರು,” ಎಂದಳು. ರೊಸೆಂದೋ ಅವಳ ಗಂಡ, ಸಕ್ಕರೆ ಕಾಯಿಲೆಯವನು. “ಸಾಯೋವಾಗ ಬೆಲ್ಲದ ನೀರು ಕೇಳಿದ. ನಾನು ಕೊಡ್ಲಿಲ್ಲ. ಕೊಡದೇನೂ ಸತ್ತ. ಈ ಮಗೂಗೂ ಇಲ್ಲ ಅನ್ನೋಕೆ ನನಗೆ ಬಾಯಿ ಬರಲ್ಲ ಟೀಚರ್.”

ನಾನು ಅವಳ ಕೈ ಹಿಡಿದೆ. “ರೊಸೆಂದೋ ಹೋಗೋ ದಾರೀಲಿದ್ದ, ಸೊಯ್ಲಾ. ಇವಳು ಬೆಳೆಯೋ ದಾರೀಲಿದಾಳೆ.”

ಅವಳು ಎದ್ದು ಲೋಟ ತೊಳೆದು ಬೋರಲು ಹಾಕಿದಳು.

ಹಬ್ಬದ ದಿನ ಸ್ಮಶಾನದಲ್ಲಿ ಎಲ್ಲರೂ ತಂತಮ್ಮವರ ಸಮಾಧಿಯ ಸುತ್ತ ಬುತ್ತಿ ಬಿಚ್ಚಿ ಕೂತಿದ್ದರು. ಅನಾಹಿಯ ಧರ್ಮತಾಯಿ ಓಲ್ಗಾ, ನಮ್ಮೂರಿನ ಬೇಕರಿಯವಳು, ದೊಡ್ಡ ಗ್ವಾಗ್ವಾ ಹೊತ್ತು ಬಂದಳು. ಮಗುವಿನ ಸ್ವೆಟರಿನ ಹಸಿರನ್ನೇ ನೆನಪಿಟ್ಟು ಬ್ರೆಡ್ಡಿನ ಕೂಸಿನ ಅಂಗಿಗೆ ಬಳಿದಿದ್ದಳು.

“ತಿನ್ನು ಬಂಗಾರಿ, ಬಿಸಿ ಆರಿಲ್ಲ.”

ಮಾರ್ಲೆನೆ ಎದ್ದು ನಿಂತಳು. ಅವಳ ಮುಖ ಕೆಂಪಾಗಿತ್ತು. “ಕ್ಷಮಿಸಿ ಓಲ್ಗಾ. ಇವಳು ತಿನ್ನೋ ಹಾಗಿಲ್ಲ. ಒಂದು ಚೂರೂ ಬೇಡ.”

“ಹಬ್ಬದ ದಿನಾನೂ?” ಓಲ್ಗಾಳ ಕೈ ಚಾಚಿದಂತೆಯೇ ಉಳಿಯಿತು.

“ಅಹಂಕಾರ ನೋಡು. ಸತ್ತವರ ಮುಂದೇನೇ!” ಪಕ್ಕದ ಸಮಾಧಿಯ ಬಳಿ ಕೂತ ಹೆಂಗಸರು ಗೊಣಗಿದರು. ಅನಾಹಿ ಆ ಹಸಿರು ಅಂಗಿಯನ್ನೇ ನೋಡುತ್ತಿದ್ದಳು. ಎಲ್ಲರೂ ಸೊಯ್ಲಾಳ ಕಡೆ ತಿರುಗಿದರು.

ಸೊಯ್ಲಾ ಮೊಣಕಾಲಿಗೆ ಕೈಯೂರಿ ಎದ್ದಳು. ಓಲ್ಗಾಳ ಕೈಯಿಂದ ಗ್ವಾಗ್ವಾ ತೆಗೆದುಕೊಂಡು, ತನ್ನ ಶಾಲು ಬಿಚ್ಚಿ, ಕೂಸನ್ನು ಕಟ್ಟುವಂತೆ ಅದನ್ನು ಮೊಮ್ಮಗಳ ಬೆನ್ನಿಗೆ ಕಟ್ಟಿದಳು.

“ತಿನ್ನೋಕಲ್ಲ ಪುಟ್ಟಿ, ಆಡಿಸೋಕೆ. ಅಜ್ಜನ ಹತ್ರ ಮಲಗಿಸಿ ಬಾ.”

ಅನಾಹಿ ಕುಣಿಯುತ್ತಾ ನಡೆದು, ಕೂಸನ್ನು ಸಮಾಧಿಯ ಹೂಗಳ ನಡುವೆ ಮಲಗಿಸಿದಳು. ಸೊಯ್ಲಾ ಬಾಗಿ ಕಲ್ಲನ್ನು ಸವರಿದಳು.

“ತಗೋ ರೊಸೆಂದೋ. ಅವತ್ತು ಕೊಡ್ಲಿಲ್ಲ, ಇವತ್ತು ಹೊಟ್ಟೆ ತುಂಬಾ ತಿನ್ನು. ಇವಳನ್ನ ಮಾತ್ರ ಕರೀಬೇಡ.”

ಓಲ್ಗಾ ಕಣ್ಣೊರೆಸಿಕೊಂಡು, ಮೆಲ್ಲಗೆ ಮಾರ್ಲೆನೆಯ ಪಕ್ಕ ಕೂತಳು. “ಇವಳಿಗೆ ಏನು ಹಾಕಿ ಮಾಡಬಹುದು, ಹೇಳಮ್ಮ. ಬರೋ ವರ್ಷ ಅದರಲ್ಲೇ ಮಾಡ್ತೀನಿ.”

“ಡಾಕ್ಟರನ್ನ ಕೇಳಿ ಹೇಳ್ತೀನಿ. ತಕ್ಕಡಿ ನಾನೇ ತರ್ತೀನಿ,” ಎಂದಳು ಮಾರ್ಲೆನೆ.

ಅತ್ತ ಸೊಯ್ಲಾ ಮೊಮ್ಮಗಳ ಡಬ್ಬಿ ಬಿಚ್ಚಿ ತಿನ್ನಿಸುತ್ತಿದ್ದಳು. ಮೊಟ್ಟೆ ಮುಗಿದಿತ್ತು, ತಳದಲ್ಲಿ ಎಣ್ಣೆ ಹೊಳೆಯುತ್ತಿತ್ತು. ಅದನ್ನು ಬೆರಳಿನಿಂದ ಬಳಿದು ಮಗುವಿನ ಬಾಯಿಗಿಟ್ಟಳು.

“ನೆಕ್ಕು, ಪೂರ್ತಿ ನೆಕ್ಕು. ನಿಮ್ಮಮ್ಮ ಇದನ್ನೆಲ್ಲ ತೂಗಿದಾಳೆ.”